ಒಂದು ಲಾರಿ ಬ್ರೆಡ್ಡು

ಎವಿಯಾ ದ್ವೀಪದ ಕಾಡಿಗೆ ಬೆಂಕಿ ಬಿದ್ದಾಗ ಮುದುಕ ಲಾಂಬ್ರೋಸ್ ತನ್ನ ಮೂವತ್ತು ಮೇಕೆಗಳನ್ನು ಕಡಲದಂಡೆಗೆ ಓಡಿಸಿ ಉಳಿಸಿಕೊಂಡ. ಎರಡು ದಿನ ರೆಪ್ಪೆ ಮುಚ್ಚದವನು ಮೂರನೆಯ ಮಧ್ಯಾಹ್ನ ಮರಳಿನ ಮೇಲೆಯೇ ನಿದ್ದೆಹೋದ.

ಅಷ್ಟರಲ್ಲಿ ಊರವರು ತಿಂದು ಮುಗಿಸಲಾಗದಷ್ಟು ಬ್ರೆಡ್ಡು ಹೊತ್ತ ಲಾರಿ ಅಥೆನ್ಸಿನಿಂದ ಬಂತು. ಜೊತೆಗೆ ಸೇವೆ ಮಾಡಲೆಂದು ಮಿರ್ತೊ ಎಂಬ ಹುಡುಗಿ. ಹಸಿದ ಮೇಕೆಗಳನ್ನು ಕಂಡು ಅವಳ ಕರುಳು ಚುರುಕ್ಕೆಂದಿತು. ಮಿಕ್ಕಿದ್ದನ್ನೆಲ್ಲ ಅವುಗಳ ಮುಂದೆ ಸುರಿದಳು.

ಬೆಳಗಾಗುವಷ್ಟರಲ್ಲಿ ಮೂವತ್ತೂ ಹೊಟ್ಟೆಯುಬ್ಬಿ ಸತ್ತಿದ್ದವು.

"ಹಸಿದಿದ್ವು ಅಜ್ಜಾ, ನೋಡೋಕಾಗ್ಲಿಲ್ಲ," ಮಿರ್ತೊ ಅತ್ತಳು.

"ಹಸಿದ ಮೇಕೆಗೆ ಅಷ್ಟು ಬ್ರೆಡ್ಡು ಅಂದ್ರೆ ವಿಷ ಕಣವ್ವಾ. ನನ್ನನ್ನ ಒಂದು ಮಾತು ಕೇಳೋಕೇನಾಗಿತ್ತು?"

"ಸುಸ್ತಾಗಿ ಮಲಗಿದ್ರಿ, ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ."

ಲಾಂಬ್ರೋಸ್ ಸತ್ತ ಮೇಕೆಯೊಂದರ ಕೊರಳಗಂಟೆ ಬಿಚ್ಚುತ್ತ ಹೇಳಿದ:

"ಬೆಂಕಿ ಬರೋವಾಗ ಹೊಗೆನಾದ್ರೂ ಕಾಣಿಸ್ತು ತಾಯಿ. ನಿನ್ನ ಕರುಣೆಗೆ ಅದೂ ಇರ್ಲಿಲ್ಲ."