ಏಳು ಹೇಂಟೆಗೆ ಮೂರು ಹುಂಜ

ಪ್ರತಿಯೊಂದು ಮನೆತನದ ಚರಿತ್ರೆಯಲ್ಲೂ ದಪ್ಪಕ್ಷರದಲ್ಲಿ ಬರೆದಿಡಬೇಕಾದ ಬೆಳಗುಗಳು ಕೆಲವು ಇರುತ್ತವೆ. ದರ್ಜಿಯ ಮನೆಗೆ ಅಂಥದ್ದು ಒಂದು ಮಂಗಳವಾರ ಬಂತು. ಅಂದು ಏಳೂವರೆಗೆ, ಹಿತ್ತಲಿನ ಕೋಳಿಗೂಡಿನ ಮುಂದೆ, ಏಳು ಹೇಂಟೆಗಳ ಪೈಕಿ ಐದರ ಬೆನ್ನ ಮೇಲೆ ಪುಕ್ಕವೇ ಇಲ್ಲವೆಂಬ ಸಂಗತಿಯನ್ನು ಅವನ ಹೆಂಡತಿ ಅಧಿಕೃತವಾಗಿ ಪ್ರಕಟಿಸಿದಳು.

ಅವಳು ಕೋರ್ಟಿನಲ್ಲಿ ಟೈಪಿಸ್ಟ್. ಇಪ್ಪತ್ತೆರಡು ವರ್ಷ ಬೇರೆಯವರ ತೀರ್ಪುಗಳನ್ನು ಟೈಪು ಮಾಡಿ ಮಾಡಿ, ಮನೆಗೆ ಬಂದಮೇಲೆ ತನ್ನದನ್ನು ಬಾಯಲ್ಲೇ ಕೊಟ್ಟುಬಿಡುವ ಅಭ್ಯಾಸವಾಗಿತ್ತು.

"ಹೇಂಟೆ ಏಳು, ಹುಂಜ ಮೂರು. ಹಗಲೆಲ್ಲ ಒಂದಾದ್ಮೇಲೆ ಒಂದು ಬೆನ್ನು ಹತ್ತಿದ್ರೆ ಪುಕ್ಕ ಎಲ್ಲಿಂದ ಉಳೀಬೇಕು? ಭಾನುವಾರದ ಹೊತ್ತಿಗೆ ಇಲ್ಲಿ ಒಂದೇ ಹುಂಜ ಇರ್ಬೇಕು" ಅಂದಳು.

"ಯಾವ್ದು?" ಎಂದ ದರ್ಜಿ. ಹಾಗೆ ಕೇಳುವಾಗ ಅವನ ಮುಂದೋಳಿನ ಮೇಲೆ ಒಂದು ಹುಂಜ ಕೂತಿತ್ತು.

"ಅದು ವಿಚಾರಣೆ ಆದ್ಮೇಲೆ. ಮೊದ್ಲು ಆ ಆರೋಪೀನ ಕೆಳಗಿಳಿಸ್ರೀ."

ಆರೋಪಿಯ ಹೆಸರು ಗುಂಡಿ. ಐದು ತಿಂಗಳ ಹಿಂದೆ ಕಾವಿಗೆ ಕೂತ ಹೇಂಟೆ, ಮೊದಲೆರಡು ಮರಿಗಳಾದ ಕೂಡಲೇ ತನ್ನ ಕೆಲಸ ಮುಗಿಯಿತೆಂದು ಎದ್ದುಹೋಗಿತ್ತು. ಮೂರನೆಯದು ಒಂದು ದಿನ ತಡವಾಗಿ, ತಣ್ಣಗಾಗುತ್ತಿದ್ದ ಗೂಡಿನಲ್ಲಿ, ಕೋಟಿನ ಗುಂಡಿಗಿಂತ ಸ್ವಲ್ಪವೇ ದೊಡ್ಡದಾಗಿ ಹೊರಬಂತು. ದರ್ಜಿ ಅದನ್ನು ಮಖಮಲ್ಲಿನ ಚೂರಿನಲ್ಲಿ ಸುತ್ತಿ, ದಾರದ ಡಬ್ಬಿಯಲ್ಲಿಟ್ಟು, ಹೊಲಿಗೆ ಮಿಷನ್ನಿನ ದೀಪದ ಕೆಳಗೆ ಬದುಕಿಸಿದ. ಬೆರಳ ತುದಿಯಿಂದ ನುಚ್ಚು ತಿನ್ನಿಸಿದ. ಮಕ್ಕಳಿಲ್ಲದ ಆ ಮನೆಯಲ್ಲಿ ಅವನು ಇನ್ನೊಬ್ಬರಿಗೆ ಲಾಲಿ ಹಾಡಿದ್ದನ್ನು ಹೆಂಡತಿ ಕೇಳಿದ್ದು ಅದೇ ಮೊದಲು. ಕೇಳಿಸಲಿಲ್ಲವೆಂಬಂತೆ ಒಳಗೆ ಹೋಗಿಬಿಟ್ಟಿದ್ದಳು.

ಉಳಿದೆರಡು ಹಿತ್ತಲಲ್ಲೇ ಬೆಳೆದವು. ಕತ್ತಿನ ಸುತ್ತ ಬಿಳಿ ಪಟ್ಟಿ ಇದ್ದದ್ದು ಕಾಲರ್. ರೆಕ್ಕೆ ಅಳತೆ ಮೀರಿ ಬೆಳೆದದ್ದು ಉದ್ದತೋಳು. ಹಳೆಯ ಹುಂಜ ಬೇಸಿಗೆಯಲ್ಲಿ ವಯಸ್ಸಾಗಿ ಸತ್ತಿತ್ತು. ಅದರ ಗದ್ದುಗೆಗೆ ಈಗ ಮೂವರು ಉಮೇದುವಾರರು.

ಗುಂಡಿಯ ವಾಸ ಮಾತ್ರ ಹೆಚ್ಚಾಗಿ ಮುಂದಿನ ಕೋಣೆಯಲ್ಲಿ, ಅಂದರೆ ಹೊಲಿಗೆ ಅಂಗಡಿಯಲ್ಲಿ. ಅಲ್ಲಿ ಅವನಿಗೊಂದು ಖ್ಯಾತಿ ಇತ್ತು. ದರ್ಜಿ ಎದ್ದು ನಿಂತರೆ ಸಾಕು, ಗುಂಡಿ ಒಂದು ರೆಕ್ಕೆಯನ್ನು ನೆಲಕ್ಕೆ ತಾಗುವಷ್ಟು ಇಳಿಬಿಟ್ಟು, ಪುಟ್ಟ ಪುಟ್ಟ ಹೆಜ್ಜೆಯಲ್ಲಿ ಅವನ ಬೂಟಿನ ಸುತ್ತ ಅಡ್ಡಡ್ಡ ಸುತ್ತುತ್ತಿದ್ದ.

"ನೋಡಿ ಸಾರ್, ನಮಸ್ಕಾರ ಮಾಡ್ತಿದಾನೆ" ಎಂದು ದರ್ಜಿ ಗಿರಾಕಿಗಳಿಗೆ ತೋರಿಸುತ್ತಿದ್ದ.

ಗಿರಾಕಿಗಳು ಮೆಚ್ಚುತ್ತಿದ್ದರು. ಆ ಮೆಚ್ಚುಗೆ ದರ್ಜಿ ಅವರ ಎದೆಗೆ ಟೇಪು ಹಿಡಿಯುವ ತನಕ ಮಾತ್ರ. ಟೇಪು ಸುತ್ತಿದ್ದೇ ತಡ, ಗುಂಡಿ ಕತ್ತಿನ ಪುಕ್ಕ ನಿಮಿರಿಸಿ ಅವರ ಮೀನಖಂಡಕ್ಕೆ ಎರಗುತ್ತಿದ್ದ. ಹೋದ ವಾರ ಬ್ಯಾಂಕಿನ ಮ್ಯಾನೇಜರು ಒಂದೇ ತೋಳಿನ ಅಳತೆ ಕೊಟ್ಟು ಹೊರಟುಹೋದವರು ಇನ್ನೂ ಬಂದಿರಲಿಲ್ಲ.

"ಮೂರರಲ್ಲಿ ಇವನೇ ಮುಂಗೋಪಿ. ಹೇಂಟೆಗಳ ಬೆನ್ನು ಕಿತ್ತವನೂ ಇವನೇ ಇರ್ಬೇಕು" ಎಂದಳು ಹೆಂಡತಿ.

"ಸಾಕ್ಷಿ ಎಲ್ಲಿದೆ?" ದರ್ಜಿಗೆ ಸಿಟ್ಟು ಬಂತು. "ನೀನೇ ಹೇಳ್ತಿರ್ತೀಯಲ್ಲ, ಸಾಕ್ಷಿ ಇಲ್ದೆ ಕೇಸು ನಿಲ್ಲಲ್ಲ ಅಂತ. ಮೂರಕ್ಕೂ ಎದೆಗೆ, ಕಾಲಿಗೆ ಬೇರೆ ಬೇರೆ ಬಣ್ಣದ ಚಾಕ್ ಪುಡಿ ಬಳೀತೀನಿ. ಯಾವ್ದು ಯಾವ ಹೇಂಟೆ ಮೇಲೆ ಹತ್ತುತ್ತೋ ಅದರ ಬಣ್ಣ ಬೆನ್ನಿಗೆ ಹತ್ಕೊಳ್ಳುತ್ತೆ. ಸಂಜೆ ನೋಡೋಣ. ಬೋಳು ಬೆನ್ನುಗಳ ಮೇಲೆ ಯಾರ ಬಣ್ಣ ಜಾಸ್ತಿ ಇರುತ್ತೋ ಅವನು ಹೊರಗೆ."

ಬಟ್ಟೆಯ ಮೇಲೆ ಗುರುತು ಹಾಕುವ ಚಾಕನ್ನು ಹೀಗೂ ಬಳಸಬಹುದೆಂದು ಹೊಳೆದದ್ದು ದರ್ಜಿಗೆ ತಕ್ಕ ಮಾತೇ. ಹೆಂಡತಿ ಒಪ್ಪಿದಳು. ಉದ್ದತೋಳಿಗೆ ಹಳದಿ, ಕಾಲರ್‌ಗೆ ಕೆಂಪು, ಗುಂಡಿಗೆ ನೀಲಿ ಎಂದಾಯಿತು. ಹಳದಿ ಕೆಂಪುಗಳನ್ನು ದರ್ಜಿ ಅಂಗೈ ತುಂಬ ತೆಗೆದುಕೊಂಡು ಗೋಡೆಗೆ ಸುಣ್ಣ ಬಳಿಯುವವನಂತೆ ತಿಕ್ಕಿದ. ನೀಲಿಯ ಸರದಿ ಬಂದಾಗ ಅವನ ಕೈ ಒಮ್ಮೆಗೇ ಹಗುರವಾಯಿತು.

ಹಿತ್ತಲ ಮೆಟ್ಟಿಲ ಮೇಲೆ ಬಟಾಣಿ ಸುಲಿಯುತ್ತಿದ್ದ ಅತ್ತೆ ಅದನ್ನು ನೋಡಿದಳು. ಹೆಂಡತಿಯ ತಾಯಿ, ಎಪ್ಪತ್ತಾರು ದಾಟಿದವಳು, ಕೋಳಿಗಳ ನಡುವೆಯೇ ಹುಟ್ಟಿ ಬೆಳೆದವಳು. ಅಳಿಯನ ಕೋಳಿ ಸಾಕಣೆಯ ಬಗ್ಗೆ ಅವಳಿಗೆ ಹೇಳುವುದು ಬಹಳವಿತ್ತು, ಆದರೆ ಈವರೆಗೆ ಯಾರೂ ಕೇಳಿರಲಿಲ್ಲ.

"ಏನ್ ಅಳಿಯಂದ್ರೇ, ಮದುಮಗಳಿಗೆ ಪೌಡರ್ ಹಚ್ತಾ ಇದೀರಾ?"

"ಹಚ್ಚಿದೀನಲ್ಲ ಅತ್ತೆ."

"ಕೊಡಿ ಇಲ್ಲಿ." ಬಟಾಣಿಯ ಬುಟ್ಟಿ ಪಕ್ಕಕ್ಕಿಟ್ಟು, ಗುಂಡಿಯನ್ನು ಎರಡು ಮೊಣಕಾಲ ಮಧ್ಯೆ ಹಿಡಿದು, ಅವಳೇ ನೀಲಿಯನ್ನು ಉಗುರಿನ ಸಂದಿಗೂ ಇಳಿಯುವಂತೆ ತಿಕ್ಕಿದಳು. ಗುಂಡಿ ಅವಳ ಕೈಗೆ ಕುಕ್ಕಿದ. ಅವಳು ಅವನ ತಲೆಯನ್ನು ಬೆರಳಿನಿಂದ ಮೆಲ್ಲಗೆ ಕೆಳಗೊತ್ತಿ, ಅವನು ಸುಮ್ಮನಾಗುವ ತನಕ ಹಿಡಿದೇ ಕೂತಳು.

ಆ ದಿನ ದರ್ಜಿಯ ಹೊಲಿಗೆ ನೆಟ್ಟಗೆ ಬೀಳಲಿಲ್ಲ. ಒಂದು ಪ್ಯಾಂಟಿಗೆ ಎರಡೂ ಜೇಬು ಒಂದೇ ಕಡೆ ಇಟ್ಟು ಬಿಚ್ಚಿದ. ಗುಂಡಿಯನ್ನು ಹಿತ್ತಲಲ್ಲೇ ಬಿಡಬೇಕೆಂದು ಮಾತಾಗಿತ್ತು. ದರ್ಜಿ ಗಂಟೆಗೊಮ್ಮೆ ಹೋಗಿ ನೋಡಿಬಂದ. "ಯಾರ ತಂಟೆಗೂ ಹೋಗ್ಬೇಡ ಕಣೋ, ಇದೊಂದು ದಿನ" ಎಂದು ತಗ್ಗಿದ ದನಿಯಲ್ಲಿ ಬುದ್ಧಿ ಹೇಳಿದ. ಗುಂಡಿ ನಮಸ್ಕಾರ ಮಾಡಿದ.

ಸಂಜೆ ಆರಕ್ಕೆ ಕೋರ್ಟು ಕೂತಿತು. ಅತ್ತೆ ಗೂಡಿನಿಂದ ಒಂದೊಂದೇ ಹೇಂಟೆಯನ್ನು ಎತ್ತಿ ಹಿಡಿದಳು, ಹೆಂಡತಿ ಬರೆದುಕೊಂಡಳು. ಬೋಳಾಗಿದ್ದ ಐದು ಬೆನ್ನುಗಳ ಮೇಲೂ ದಟ್ಟ ಹಳದಿ. ಪುಕ್ಕ ಗಟ್ಟಿಯಾಗಿದ್ದ ಎರಡರ ಮೇಲೆ ಕೆಂಪು, ಅದೂ ತೆಳುವಾಗಿ.

"ಉದ್ದತೋಳು ಕತ್ತು ಕಚ್ಚಿ, ಕಾಲಲ್ಲಿ ಗೀರಿ ಎಳೆದಾಡ್ತಾನೆ. ಪೋಕರಿ" ಎಂದಳು ಅತ್ತೆ. "ಕಾಲರ್ ಹಂಗಲ್ಲ. ಕಾಳು ಸಿಕ್ರೆ ಮೊದ್ಲು ಹೆಣ್ಣನ್ನ ಕರೀತಾನೆ. ಅವ್ಳು ಒಪ್ಪಿ ಕೂತ್ರೆ ಸರಿ, ಇಲ್ದಿದ್ರೆ ಇಲ್ಲ. ಮನುಷ್ಯರಲ್ಲೂ ಅಂಥವ್ರು ಕಮ್ಮಿ."

"ನೀಲಿ?" ಎಂದ ದರ್ಜಿ.

"ಎಲ್ಲೂ ಇಲ್ಲ" ಎಂದಳು ಹೆಂಡತಿ, ಪುಸ್ತಕ ತಿರುವಿ ನೋಡಿ.

"ನಾನ್ ಹೇಳ್ಲಿಲ್ವಾ! ಚಿನ್ನದಂಥವನು! ಏಳರಲ್ಲಿ ಒಂದನ್ನೂ ಮುಟ್ಟಿಲ್ಲ ನನ್ ಗುಂಡಿ!"

"ಅಳಿಯಂದ್ರೇ, ಸ್ವಲ್ಪ ಆ ಕಡೆ ತಿರುಗಿ" ಎಂದಳು ಅತ್ತೆ.

ತಿರುಗಿದ. ಅವನ ಬೂದು ಪ್ಯಾಂಟಿನ ಹಿಂಭಾಗ, ಹಿಮ್ಮಡಿಯಿಂದ ಮೊಣಕಾಲ ತನಕ, ನೀಲಿಯೋ ನೀಲಿ. ಬೂಟಿನ ಮೇಲೆ ಎರಡು ಕೋಳಿಪಾದಗಳ ಗುರುತು ಅಚ್ಚೊತ್ತಿದಂತಿತ್ತು.

ಹೆಂಡತಿ ಪೆನ್ನನ್ನು ಮೆಲ್ಲಗೆ ಮುಚ್ಚಿದಳು.

"ನಮಸ್ಕಾರ ಮಾಡುವಾಗ ತಾಗಿದೆ" ಎಂದ ದರ್ಜಿ.

"ಅದು ನಮಸ್ಕಾರ ಅಲ್ಲ ಅಳಿಯದೇವ್ರೇ" ಅತ್ತೆ ಸೆರಗಿನಿಂದ ಬಾಯಿ ಒತ್ತಿಕೊಂಡಳು, ಆದರೂ ನಗು ಭುಜದಲ್ಲಿ ಕಾಣುತ್ತಿತ್ತು. "ರೆಕ್ಕೆ ಇಳಿಬಿಟ್ಟು ಸುತ್ತೋದು ಹುಂಜ ಹೇಂಟೆಗೆ 'ಬರ್ತೀಯಾ' ಅಂತ ಕೇಳೋ ರೀತಿ. ಹುಟ್ಟಿದಾಗಿಂದ ನಿಮ್ ಮುಖಾನೇ ನೋಡಿದಾನೆ. ಅವನ ಲೆಕ್ಕದಲ್ಲಿ ಹಿತ್ತಲಲ್ಲಿರೋ ಏಳೂ ಯಾರೋ ಪರಕೀಯರು. ಹೇಂಟೆ ಅಂದ್ರೆ ನೀವು."

"ಮತ್ತೆ ಗಿರಾಕಿಗಳನ್ನ ಯಾಕೆ ಕುಕ್ತಾನೆ?"

"ತನ್ನ ಹೇಂಟೆನ ಬೇರೆಯವ್ರು ತಬ್ಕೊಂಡು ನಿಂತ್ರೆ ಯಾವ ಹುಂಜ ಸುಮ್ನಿರ್ತಾನೆ? ಆ ಮ್ಯಾನೇಜರು ಎದೆ ಉಬ್ಬಿಸ್ಕೊಂಡು ಬೇರೆ ನಿಂತಿದ್ರಂತೆ."

ಹೆಂಡತಿಗೆ ಇನ್ನು ತಡೆಯಲಾಗಲಿಲ್ಲ. ಗೂಡಿನ ಕಂಬಕ್ಕೆ ಒರಗಿ, ಪುಸ್ತಕ ಎದೆಗವುಚಿಕೊಂಡು ನಕ್ಕಳು. ನಕ್ಕು ಮುಗಿದಾಗ ಗಂಡ ಕೋಳಿಗೂಡಿನ ಪಕ್ಕದ ಕಲ್ಲಿನ ಮೇಲೆ ಕೂತಿದ್ದ. ಗುಂಡಿ ಅವನ ಬೂಟಿನ ಸುತ್ತ ಸುತ್ತುತ್ತಿದ್ದ. ದರ್ಜಿ ಕಾಲನ್ನು ಸರಿಸಲೂ ಇಲ್ಲ, ಗುಂಡಿಯನ್ನು ಎತ್ತಿಕೊಳ್ಳಲೂ ಇಲ್ಲ.

"ನಾನೇ ಕೆಡಿಸ್ದೆ ಅನ್ನು" ಎಂದ.

"ಬದುಕ್ಸಿದೀರಿ. ಕೆಡಿಸಿರೋದು ಆಮೇಲೆ" ಎಂದಳು ಅವಳು, ಪಕ್ಕದಲ್ಲಿ ಕೂತು. ಕೋರ್ಟಿನ ದನಿ ಹೋಗಿತ್ತು.

ಉದ್ದತೋಳಿನ ತೀರ್ಪಿಗೆ ಯಾರೂ ಮೇಲ್ಮನವಿ ಸಲ್ಲಿಸಲಿಲ್ಲ. ಶನಿವಾರ ಅತ್ತೆ ಅದನ್ನು ಅಡುಗೆಮನೆಗೆ ದಾಟಿಸಿದಳು. ಮೂವರೂ ಎರಡನೇ ಸಲ ಬಡಿಸಿಕೊಂಡರು. ಹಿತ್ತಲು ಕಾಲರ್‌ನದಾಯಿತು. ಉಳಿದದ್ದು ಗುಂಡಿ. ಏಳಕ್ಕೆ ಎರಡು ಹುಂಜ ಹೆಚ್ಚೆಂಬುದನ್ನು ದರ್ಜಿಯೂ ಒಪ್ಪಿದ. ಆದರೆ ಪಾತ್ರೆಯ ಮಾತು ಎತ್ತಿದರೆ ತಾನೂ ಮನೆಬಿಡುವುದಾಗಿ ಹೇಳಿದ.

"ಪಾತ್ರೆಗೆ ಯಾರು ಹಾಕ್ತಾರೆ ಇವನ್ನ?" ಎಂದಳು ಅತ್ತೆ. "ಮೂರು ಬೀದಿ ಆಚೆ ಹಿಟ್ಟಿನ ಗಿರಣಿಯಮ್ಮ ಇದಾಳಲ್ಲ, ಅವಳ ಹುಂಜ ಲಾರಿಗೆ ಸಿಕ್ಕಿ ಹೋಯ್ತು. ಎಂಟು ಹೇಂಟೆ, ಎಲ್ಲಾ ಜೋರಿನವು. ಇವನ್ನ ಅಲ್ಲಿ ಬಿಡಿ. ನಾಲ್ಕು ದಿನ ಚೆನ್ನಾಗಿ ಕುಕ್ಕಿಸ್ಕೊಂಡು ತಾನು ಯಾರು ಅಂತ ಕಲೀತಾನೆ. ಆದ್ರೆ ಒಂದು ಷರತ್ತು. ಎರಡು ತಿಂಗಳು ನೀವು ಆ ಕಡೆ ತಲೆ ಹಾಕಬಾರ್ದು. ನಿಮ್ ದನಿ ಕೇಳಿದ್ರೂ ಸಾಕು, ಎಲ್ಲಾ ಮೊದಲಿಂದ."

"ಎರಡು ತಿಂಗಳಾ? ಒಂದ್ಸಲ ಬೇಲಿ ಆಚೆಯಿಂದ?"

"ನಿಮಗೆ ಅವನು ಬೇಕೋ, ಅವನು ಹುಂಜ ಆಗೋದು ಬೇಕೋ?"

ದರ್ಜಿ ಬಹಳ ಹೊತ್ತು ಟೇಪನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. ಭಾನುವಾರ ಹೆಂಡತಿಯೇ ಬುಟ್ಟಿಯಲ್ಲಿ ಒಯ್ದಳು.

ಆ ಎರಡು ತಿಂಗಳು ಅವನು ಗಿರಣಿಯ ಬೀದಿ ತಪ್ಪಿಸಿ, ಅಂಚೆ ಕಚೇರಿಯ ಕಡೆಯಿಂದ ಸುತ್ತಿಕೊಂಡು ಓಡಾಡಿದ. ಅಂಗಡಿಯಲ್ಲಿ ಎದ್ದು ನಿಂತಾಗಲೆಲ್ಲ ಒಮ್ಮೆ ಕಾಲ ಬುಡ ನೋಡಿಕೊಳ್ಳುತ್ತಿದ್ದ. ಮ್ಯಾನೇಜರು ಬಂದು ಇನ್ನೊಂದು ತೋಳಿನ ಅಳತೆಯನ್ನೂ ಕೊಟ್ಟುಹೋದರು. ಹೆಂಡತಿ ವಾರಕ್ಕೊಮ್ಮೆ ಹಿಟ್ಟಿಗೆಂದು ಹೋಗಿ ಬಂದು, ಕೇಳದಿದ್ದರೂ ವರದಿ ಒಪ್ಪಿಸುತ್ತಿದ್ದಳು: ಮೊದಲ ವಾರ ಒಂದು ಮೂಲೆಯಲ್ಲಿ ನಿಂತಿದ್ದ, ಎರಡನೇ ವಾರ ಜುಟ್ಟಿಗೆ ಗಾಯ, ನಾಲ್ಕನೇ ವಾರ ಯಾರೋ ಒಬ್ಬಳು ತನ್ನ ಪಕ್ಕದಲ್ಲಿ ಮಲಗಲು ಬಿಟ್ಟಿದ್ದಾಳೆ.

ಅರವತ್ತೊಂದನೇ ದಿನ ದರ್ಜಿ ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದ. ಗಿರಣಿಯ ಹಿಂದೆ, ತಂತಿ ಬೇಲಿಯಾಚೆ, ಚೆಲ್ಲಿದ ಜೋಳದ ಮುಂದೆ ಗುಂಡಿ ನಿಂತಿದ್ದ. ಒಂದು ಕಾಳು ಕೊಕ್ಕಿನಿಂದ ಎತ್ತಿದ, ಕೆಳಗೆ ಹಾಕಿದ, ಕೊಕ್ ಕೊಕ್ ಎಂದು ಕರೆದ. ಹೇಂಟೆಗಳು ಓಡಿಬಂದು ತಿಂದವು. ಅವನು ತಿನ್ನದೆ ಸುತ್ತಲೂ ಕಣ್ಣಿಟ್ಟು ನಿಂತ.

"ಗುಂಡೀ" ಎಂದ ದರ್ಜಿ.

ಗುಂಡಿ ತಲೆ ಎತ್ತಿದ. ನಾಲ್ಕು ಹೆಜ್ಜೆ ಬೇಲಿಯತ್ತ ಬಂದು, ದರ್ಜಿಗೂ ಹೇಂಟೆಗಳಿಗೂ ನಡುವೆ ನಿಂತು, ಕತ್ತಿನ ಪುಕ್ಕ ಅಷ್ಟೂ ನಿಮಿರಿಸಿದ.

"ಅಯ್ಯೋ, ನಿಮ್ಮನ್ನೇ ಗುರ್ತು ಹಿಡೀಲಿಲ್ವಲ್ಲಾ" ಎಂದಳು ಗಿರಣಿಯಮ್ಮ, ಹಿಟ್ಟಿನ ಕೈ ಒರೆಸಿಕೊಳ್ಳುತ್ತ.

"ಇರ್ಲಿ ಬಿಡಮ್ಮ. ಮೊಟ್ಟೆ ಕಾವಿಗೆ ಯಾವಾಗ ಇಡ್ತೀರಿ?"

"ನಾಳೇನೇ."

ಅವಳು ಹನ್ನೊಂದು ಮೊಟ್ಟೆ ಕಾವಿಗಿಟ್ಟಳು. ಒಂಬತ್ತು ಮರಿಯಾದವು.