ನಿಂತ ದೋಣಿಯ ಹಟ

ನಾಲ್ಕು ಹೆಣ್ಣಾದ ಮೇಲೆ ಐದನೆಯದೂ ಹೆಣ್ಣಾದಾಗ ಸಾಮೋಸ್ ದ್ವೀಪದ ದೋಣಿ ಕಟ್ಟುವ ಮೇಸ್ತ್ರಿ ಆರ್ಗೀರಿಸ್ ಮಗುವಿಗೆ ಸ್ತಮಾತಾ ಎಂದು ಹೆಸರಿಟ್ಟ. ಅಲ್ಲಿಯ ಮಾತಿನಲ್ಲಿ ಅದರ ಅರ್ಥ ‘ನಿಲ್ಲಿಸು’. ನಮ್ಮಲ್ಲಿ ಸಾಕಮ್ಮ ಎಂದಿಡುತ್ತಾರಲ್ಲ, ಹಾಗೆ ದೇವರಿಗೊಂದು ಅರ್ಜಿ.

ಸ್ತಮಾತಾ ಮಾತ್ರ ನಿಲ್ಲುವ ಜಾತಿಯವಳಲ್ಲ. ಅಪ್ಪನ ಮೊಣಕೈ ನೋವಿನಿಂದ ಸೆಟೆದುಕೊಂಡ ಮೇಲೆ ಈ ಸಲದ ದೋಣಿಯನ್ನು ಮುಕ್ಕಾಲು ಪಾಲು ಅವಳೇ ಕಟ್ಟಿದ್ದಳು. ಆದರೂ ಮುದುಕನದು ಒಂದೇ ರಾಗ: "ಇದೇ ಕೊನೇದು. ಇದು ನೀರಿಗಿಳಿದ ಮೇಲೆ ಶೆಡ್ಡಿಗೆ ಬೀಗ." ಕೆಲಸ ನನಗೆ ಬಿಡು ಎಂದು ಅವಳು ಎಷ್ಟು ಗೋಗರೆದರೂ ಜಗ್ಗಿರಲಿಲ್ಲ.

ಇಳಿಸುವ ದಿನ ದೋಣಿಯ ಕೆಳಗಿನ ಮರದ ಹಳಿಗಳಿಗೆ ಕುರಿಯ ಕೊಬ್ಬು ಬಳಿದು, ಗಂಡಸರು ಹಗ್ಗ ಹಿಡಿದರು. ದೋಣಿ ಮಿಸುಕಲಿಲ್ಲ.

"ನಿಂತಿದ್ದರ ಹಟ ಬೇರೆ, ಹೊರಟಿದ್ದರ ಹಟ ಬೇರೆ," ಎಂದ ಆರ್ಗೀರಿಸ್. "ಎಬ್ಬಿಸೋದೇ ಕಷ್ಟ. ಎದ್ದ ಮೇಲೆ ಅಷ್ಟು ಬಲ ಬೇಡ. ನಡುವೆ ನಿಲ್ಲಿಸಿದ್ರೋ, ಮತ್ತೆ ಮೊದಲಿಂದ." ಶಾಲೆಯ ಪುಸ್ತಕ ಇದನ್ನೇ ಸ್ಥಿರ ಘರ್ಷಣೆ, ಜಾರು ಘರ್ಷಣೆ ಎನ್ನುತ್ತದೆ, ಆದರೆ ಮುದುಕನ ಮಾತೇ ಹೆಚ್ಚು ರುಚಿ.

ಮುಖ ಕೆಂಪಾಗುವಂತೆ ಎಳೆದಾಗ ದೋಣಿ ಗೊಣಗಿ ಹೊರಟಿತು. ಅರ್ಧ ದಾರಿ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಜಾರಿತು. ಅಷ್ಟರಲ್ಲಿ ಕಾಫಿ ತಟ್ಟೆ ಒಯ್ಯಲು ಮಗಳು ಬೇಕಾಗಿ, ತಾಯಿ ಕಲ್ಲಿಯೋಪಿ ಕಿಟಕಿಯಿಂದ ಗಂಟಲು ಹರಿಯುವಂತೆ ಕೂಗಿದಳು:

"ಸ್ತಮಾತಾ..."

ಗಂಡಸರೆಲ್ಲ ಹಗ್ಗ ಬಿಟ್ಟರು. ದೋಣಿ ನಿಂತಿತು.

"ನಿಲ್ಲಿಸು ಅಂದೋರು ಯಾರಪ್ಪಾ?" ಎಂದ ದೋಣಿಯ ಯಜಮಾನ ಫೋಟಿಸ್.

"ನನ್ನ ಹೆಂಡ್ತಿ," ಎಂದ ಆರ್ಗೀರಿಸ್. "ಮಗಳು ಹುಟ್ಟಿದಾಗಿನಿಂದ ಅದನ್ನೇ ಕೂಗ್ತಿದ್ದಾಳೆ. ಯಾರಾದ್ರೂ ಮಾತು ಕೇಳಿದ್ದು ಇವತ್ತೇ."

ನಕ್ಕು ನಕ್ಕು ಎಲ್ಲರ ಕೈ ಸೋತವು. ಮತ್ತೆ ಎಳೆದರೆ ದೋಣಿ ಬೇರು ಬಿಟ್ಟಂತೆ ಕೂತಿತ್ತು. ಸ್ತಮಾತಾ ದೋಣಿಯ ಮೂತಿಯ ಬಳಿಗೆ ಓಡಿದಳು. ಹುಡುಗಿಯ ಕೈಲಾಗಲಿಲ್ಲ ಎನ್ನಲು ಅಪ್ಪನಿಗೆ ಇಷ್ಟು ನೆಪ ಸಾಕು.

"ಅರ್ಧ ಜನ ಹಗ್ಗ ಹಿಡೀರಿ," ಎಂದಳು. "ಉಳಿದೋರು ಮೂತಿಗೆ ಹೆಗಲು ಕೊಟ್ಟು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ."

"ಇದೇನು ದೋಣೀನಾ, ತೊಟ್ಟಿಲಾ?" ಎಂದು ಫೋಟಿಸ್ ಗೊಣಗುತ್ತಲೇ ಹೆಗಲು ಕೊಟ್ಟ. ಮೂತಿ ಕೂದಲೆಳೆಯಷ್ಟು ಅಲುಗಿತು.

"ಈಗ ಎಳೀರಿ."

ದೋಣಿ ಹೊರಟಿತು. ಅದು ನೀರು ಮುಟ್ಟುವವರೆಗೆ ಪಕ್ಕದ ಮನೆಯವಳು ಕಲ್ಲಿಯೋಪಿಯ ಬಾಯಿ ಮುಚ್ಚಿ ಹಿಡಿದಿದ್ದಳು.

ತೇಲುವ ದೋಣಿಯನ್ನು ಆರ್ಗೀರಿಸ್ ಓರೆಗಣ್ಣಿನಿಂದ ಅಳೆದ. "ಮೂತಿ ಸ್ವಲ್ಪ ಭಾರ ಆಯ್ತು," ಎಂದ ಮಗಳಿಗೆ. "ಮುಂದಿನ ದೋಣಿಗೆ ಹಲಗೆ ತೆಳುವಾಗಿ ಸೀಳಿಸು. ಪೈನ್ ಮರ ಈ ಚಳಿಗಾಲದಲ್ಲೇ ಕಡಿಸ್ಬೇಕು."

ಮುಂದಿನ ದೋಣಿ. ಸ್ತಮಾತಾಳಿಗೆ ಕುಣಿಯುವಷ್ಟು ಖುಷಿಯಾಯಿತು, ಅಪ್ಪನನ್ನು ತಬ್ಬಿಕೊಳ್ಳಬೇಕೆನಿಸಿತು. ಆದರೆ ಹೊರಟ ಮುದುಕ ಎಲ್ಲಿ ನಿಂತುಬಿಡುತ್ತಾನೋ ಎಂದು ತುಟಿ ಕಚ್ಚಿಕೊಂಡು, "ಎಷ್ಟು ತೆಳುವಾಗಿ ಅಪ್ಪಾ?" ಎಂದಷ್ಟೇ ಕೇಳಿದಳು.