ಬೆನ್ನಿನ ಧೂಳು

ನಮ್ಮ ಲಾರಿ ಯಾರ್ಡಿನಲ್ಲಿ ಒಂದು ಪದ್ಧತಿ ಇತ್ತು. ಟ್ರೇಲರ್ ಜೋಡಿಸಿದ ಮೇಲೆ ತಪಾಸಣೆಯವನು ಅಂಗಾತ ಮಲಗಿ ಅಡಿಗೆ ತೂರಬೇಕು; ಟ್ರೇಲರಿನ ದಪ್ಪ ಪಿನ್ನನ್ನು ಮುಂದಿನ ಲಾರಿಯ ಕಬ್ಬಿಣದ ದವಡೆ ಸರಿಯಾಗಿ ಕಚ್ಚಿದೆಯೇ ಎಂದು ಟಾರ್ಚ್ ಬಿಟ್ಟು ನೋಡಬೇಕು. ಎದ್ದ ಮೇಲೆ, ಗಾಡಿ ಗೇಟು ದಾಟುವವರೆಗೆ, ಬೆನ್ನಿನ ಧೂಳು ಒದರುವಂತಿಲ್ಲ. ಡ್ರೈವರ್ ಆ ಬೆನ್ನು ನೋಡಿಯೇ ಹೊರಡಬೇಕು. ಸಹಿಯನ್ನು ಕುರ್ಚಿಯಲ್ಲಿ ಕೂತೂ ಗೀಚಬಹುದು, ಬೆನ್ನು ಕೊಳೆಯಾಗಬೇಕಾದರೆ ಮಲಗಲೇಬೇಕಲ್ಲ ಎಂದು ಇದನ್ನು ಶುರುಮಾಡಿದ್ದೇ ನಮ್ಮ ಭಾವ.

ಭಾವ ಅಂದರೆ ನನ್ನ ಅಕ್ಕನ ಗಂಡ, ಯಾರ್ಡಿನ ತಪಾಸಣೆಯವರು. ನನಗೆ ಟ್ರೇಲರ್ ಓಡಿಸಲು ಕಲಿಸಿದ್ದೂ ಅವರೇ. ಸುತ್ತಿಗೆಯಿಂದ ಟೈರಿಗೆ ಬಡಿದು, "ಕೇಳ್ದೇನೋ? ಒಳಗೆ ಏನೂ ಇಲ್ಲ, ನಿನ್ನ ತಲೆ ಹಾಗೆ" ಎನ್ನುತ್ತಿದ್ದರು.

ಹೋದ ವಾರ ಅಕ್ಕ ಫೋನಿನಲ್ಲಿ ಖುಷಿಯಾಗಿದ್ದಳು. "ನಿಮ್ಮ ಭಾವನ ಶರ್ಟಿನ ಆಯಿಲ್ ಕಲೆ ಉಜ್ಜಿ ಉಜ್ಜಿ ನನ್ನ ಕೈ ಸವೆದಿತ್ತು ಕಣೋ. ಈಗೀಗ ಒಂದ್ಸಲ ಕೊಡವಿದ್ರೆ ಸಾಕು, ಎಲ್ಲ ಉದುರಿಹೋಗುತ್ತೆ."

"ವಯಸ್ಸಾದ್ಮೇಲೆ ನಾಜೂಕು ಕಲಿತಿದ್ದಾರೆ ಬಿಡಕ್ಕಾ" ಎಂದು ನಾನು ನಕ್ಕಿದ್ದೆ.

ಇವತ್ತು ಬೆಳಿಗ್ಗೆ ಗೇಟಿನ ಮುಂದೆ ಗಾಡಿಗಳು ಸಾಲುಗಟ್ಟಿದ್ದವು. ಟ್ರೇಲರ್ ಜೋಡಿಸಿ, ಕಾಗದ ತರಲು ಆಫೀಸಿಗೆ ಹೋಗಿ ಬಂದು, ನಾನು ಬ್ರೇಕಿನ ಗಾಳಿಯ ಪೈಪು ಸಿಕ್ಕಿಸುತ್ತಿದ್ದಾಗ ಭಾವ ಶೆಡ್ಡಿನ ಕಡೆಯಿಂದ ಬಂದು ಕಾಗದಕ್ಕೆ ಸಹಿ ಹಾಕಿದರು. "ನೋಡಿದ್ದೀನಿ, ಹೊರಡು ಹೊರಡು, ಹಿಂದಿನವರು ಬಾಯಿ ಬಡ್ಕೋತಿದ್ದಾರೆ." ಅವರು ತಿರುಗಿದಾಗ ಬೆನ್ನ ತುಂಬ ಧೂಳು. ಅಷ್ಟು ಸಾಕಾಯಿತು ನನಗೆ. ಟ್ರೇಲರಿನ ಮುಂಭಾಗವನ್ನು ಹೊತ್ತು ನಿಂತಿದ್ದ ಊರುಗಾಲು ಎತ್ತಿದೆ. ಅದಕ್ಕೂ ಮೊದಲು ಟ್ರೇಲರಿನ ಬ್ರೇಕು ಕಟ್ಟಿ, ಲಾರಿಯನ್ನು ಒಮ್ಮೆ ಮುಂದಕ್ಕೆ ಜಗ್ಗಿ ನೋಡಬೇಕಿತ್ತು, ನೋಡಲಿಲ್ಲ. ಅದು ನನ್ನ ತಪ್ಪೇ.

ನಾಲ್ಕು ಮಾರು ಹೋಗಿರಲಿಲ್ಲ, ಹಿಂದೆ ಸಿಡಿಲು ಹೊಡೆದಂತಾಯಿತು. ಲಾರಿ ಮುಂದೆ ಹೋಗಿತ್ತು, ಟ್ರೇಲರ್ ಮೂಗು ನೆಲಕ್ಕೆ ಊರಿ ಬಿದ್ದಿತ್ತು. ಕಿತ್ತ ಪೈಪು ಬುಸುಗುಡುತ್ತಿತ್ತು. ಯಾರಿಗೂ ಏನೂ ಆಗಲಿಲ್ಲ. ಇದೇ ಘಾಟಿಯ ಇಳಿಜಾರಿನಲ್ಲಾಗಿದ್ದರೆ? ಎಂಜಿನ್ ಆರಿಸಿ ಕೆಳಗಿಳಿದೆ.

ಸೂಪರ್‌ವೈಸರ್ ಓಡಿ ಬಂದರು. "ಇಬ್ಬರಲ್ಲಿ ಒಬ್ಬರು ಇವತ್ತೇ ಮನೆಗೆ. ಯಾರು, ಹೇಳಿ."

ಭಾವ ನನ್ನ ಮುಖ ನೋಡಲಿಲ್ಲ. "ನಾನು ಮಲಗಿ ನೋಡಿದ್ದೀನಿ ಸಾರ್, ದವಡೆ ಕಚ್ಚಿತ್ತು. ಆಮೇಲೆ ಇವನೇ ದವಡೆ ಬಿಡಿಸೋ ಹಿಡಿ ಎಳೆದಿರಬೇಕು. ಮೊದಲಿಂದಲೂ ಇವನಿಗೆ ಆತುರ."

ಇವನು! ಅವರ ಮನೆಯ ತಟ್ಟೆಯಲ್ಲಿ ಉಂಡು ಬೆಳೆದವನು ನಾನು. ಸೂಪರ್‌ವೈಸರ್ ಕೀ ಕೊಡು ಎಂದು ಕೈ ಚಾಚಿದರು.

ಭಾವ ಬಿದ್ದ ಟ್ರೇಲರಿನ ಕಡೆ ತಿರುಗಿದರು. ಆಗ ಬಿಸಿಲಿನಲ್ಲಿ ಆ ಬೆನ್ನನ್ನು ಸರಿಯಾಗಿ ನೋಡಿದೆ. ಬಿಳಿ ಧೂಳು. ನಮ್ಮ ಯಾರ್ಡಿನ ನೆಲ ಆಯಿಲ್ ಕುಡಿದು ಕುಡಿದು ಕಾಡಿಗೆಯಂತೆ ಕಪ್ಪಾಗಿದೆ. ಅಲ್ಲಿ ಮಲಗಿ ಎದ್ದವನ ಬೆನ್ನಿಗೆ ಬಿಳಿ ಎಲ್ಲಿಂದ ಬರಬೇಕು?

"ಭಾವ, ಹಾಗೇ ನಿಲ್ಲಿ. ಸಾರ್, ಆ ಬೆನ್ನು ನೋಡಿ. ಬನ್ನಿ, ಶೆಡ್ಡಿನ ಹಿಂದೆ ಹೋಗೋಣ."

ಯಾರ್ಡಿನಲ್ಲೆಲ್ಲ ಸುಣ್ಣ ಬಳಿದಿರುವುದು ಶೆಡ್ಡಿನ ಹಿಂದಿನ ಗೋಡೆಗೆ ಮಾತ್ರ. ಭಾವನ ಭುಜದ ಎತ್ತರಕ್ಕೆ ಬಾಗಿಲಗಲದಷ್ಟು ಸುಣ್ಣ ಸವೆದು ಇಟ್ಟಿಗೆ ಕಾಣುತ್ತಿತ್ತು. ಒಂದು ದಿನ ಬೆನ್ನು ಉಜ್ಜಿದರೆ ಅಷ್ಟು ಸವೆಯುವುದಿಲ್ಲ. ಆ ಬೆನ್ನು ನಂಬಿ ನಾನು ಎಷ್ಟು ಸಲ ಘಾಟಿ ಇಳಿದಿದ್ದೆನೋ.

ಸೂಪರ್‌ವೈಸರ್ ಚಾಚಿದ ಕೈ ಹಿಂದೆಗೆದುಕೊಂಡು, ಭಾವನ ಕೈಯಿಂದ ಟಾರ್ಚ್ ತೆಗೆದು ನನಗೆ ಕೊಟ್ಟು, ಅವರ ಲೆಕ್ಕ ಚುಕ್ತಾ ಮಾಡಿಸಲು ಆಫೀಸಿಗೆ ಹೋದರು.

"ಮಂಡಿ ಮಡಚೋಕೆ ಬರ್ತಿಲ್ಲ ಕಣೋ," ಎಂದರು ಭಾವ. "ಹೇಳಿದ್ರೆ ಕೆಲಸದಿಂದ ತೆಗೀತಿದ್ರು."

"ನನಗೆ ಹೇಳ್ಬೋದಿತ್ತಲ್ಲ ಭಾವ. ನಿಮ್ಮ ಬದಲು ದಿನಾ ನಾನೇ ಮಲಗ್ತಿದ್ದೆ."

ಅವರು ಬೆನ್ನಿನ ಸುಣ್ಣ ಒದರಿಕೊಳ್ಳುತ್ತ ಶೆಡ್ಡಿನೊಳಗೆ ಹೋದರು.

ಮಧ್ಯಾಹ್ನ ಬೇರೆ ಟ್ರೇಲರ್ ಜೋಡಿಸಿದೆ. ನಾನೇ ಅಡಿಗೆ ತೂರಿ ದವಡೆ ನೋಡಿದೆ, ಕಚ್ಚಿತ್ತು. ಎರಡು ಸಲ ಜಗ್ಗಿಯೂ ನೋಡಿದೆ. ಇಳಿದು ಪೈಪು ನೋಡುತ್ತಿದ್ದಾಗ ಹಿಂದಿನಿಂದ ಭಾವ ಬಂದು, ಹಳೆಯ ಸಲಿಗೆಯಿಂದ ನನ್ನ ಬೆನ್ನಿನ ಮಣ್ಣು ಒದರಲು ಕೈ ಎತ್ತಿದರು.

"ಬೇಡ ಭಾವ," ಎಂದೆ, ಪಕ್ಕಕ್ಕೆ ಸರಿದು. "ಗಾಡಿ ಇನ್ನೂ ಗೇಟು ದಾಟಿಲ್ಲ."